ಹಾಫ್‌ಕ್ಲಚ್ ಮೇಷ್ಟ್ರು ಗಾಡಿ ಕಟ್ಟಿದ್ದು

ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವ ಒಬ್ಬರಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಅವರಿಗೂ ಒಂದಿತ್ತು, ಆದರೆ ಅದು ಲೈಸೆನ್ಸಿನ ಮೇಲೆ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಕಲಿಯಲು ಬಂದವರಿಗೆಲ್ಲ ಅವರು ಹಾಫ್‌ಕ್ಲಚ್ ಮೇಷ್ಟ್ರು. ಬೆಳಿಗ್ಗೆ ಕಾರು ಹತ್ತಿದಲ್ಲಿಂದ ಸಂಜೆ ಇಳಿಯುವವರೆಗೆ ಅವರ ಬಾಯಲ್ಲಿ ಒಂದೇ ಮಂತ್ರ, ಕ್ಲಚ್ ಪೆಡಲನ್ನು ಅರ್ಧಕ್ಕಷ್ಟೇ ಬಿಟ್ಟು ಹಿಡಿಯಿರಿ ಎಂದು. "ಹಾಫ್ ಕ್ಲಚ್... ಹಾಫ್ ಕ್ಲಚ್... ಬಿಡಬೇಡಿ, ಬಿಡಬೇಡಿ... ಬಿಟ್ರಲ್ಲ!" ಅಷ್ಟು ಹೊತ್ತಿಗೆ ಕಾರು ಒಂದು ಸಲ ಬಿಕ್ಕಳಿಸಿ ಸುಮ್ಮನಾಗಿರುತ್ತಿತ್ತು.

ಮೇಷ್ಟ್ರು ಕೂರುತ್ತಿದ್ದದ್ದು ಕಲಿಯುವವರ ಪಕ್ಕದ ಸೀಟಿನಲ್ಲಿ. ಅವರ ಕಾಲ ಬಳಿಯೂ ಎರಡು ಪೆಡಲು ಇದ್ದವು. ಒಂದು ಕ್ಲಚ್ಚು, ಇನ್ನೊಂದು ಬ್ರೇಕು. ಆಕ್ಸಿಲರೇಟರ್ ಮಾತ್ರ ಇರಲಿಲ್ಲ. ಗಾಡಿ ಹೊರಡಿಸುವ ಭಾಗ್ಯ ಕಲಿಯುವವರದು, ನಿಲ್ಲಿಸುವ ಹಣೆಬರಹ ಮೇಷ್ಟ್ರದು. ತಲೆಗೂದಲು ನರೆಯುವವರೆಗೂ ಅವರು ನಿಲ್ಲಿಸುತ್ತಲೇ ಬಂದಿದ್ದರು. ಗೋಡೆಯ ಮುಂದೆ, ಚರಂಡಿಯ ಮುಂದೆ, ಹಾಲಿನ ಅಂಗಡಿಯ ಮುಂದೆ ನಿಲ್ಲಿಸಿದ್ದರು. ಒಂದು ಸಲ ಮದುವೆ ಮೆರವಣಿಗೆಯ ಮಧ್ಯದಲ್ಲಿ, ವಾದ್ಯದವರಿಗೂ ವರನಿಗೂ ನಡುವೆ ನಿಲ್ಲಿಸಿದ್ದರು. ಅವರಿಗೆ ಸ್ವಂತ ಕಾರಿರಲಿಲ್ಲ. ಸ್ಕೂಲಿನ ಕಾರನ್ನು ಮನೆಗೆ ಒಯ್ಯುವಂತಿರಲಿಲ್ಲ.

ಹೀಗಾಗಿ ಅವರ ಬಲಗಾಲಿಗೆ ಗೊತ್ತಿದ್ದದ್ದು ಒಂದೇ ಕಸುಬು. ಬಸ್ಸಿನಲ್ಲಿ ಕೂತರೆ ಮುಂದಿನ ಸೀಟಿನವರ ಚೀಲದ ಮೇಲೆ ಬ್ರೇಕ್ ಹಾಕುತ್ತಿದ್ದರು. ಕ್ಷೌರದ ಅಂಗಡಿಯಲ್ಲಿ ಕತ್ತಿ ಕಿವಿಯ ಹತ್ತಿರ ಬಂದರೆ ಕುರ್ಚಿಯ ಕಾಲುಪಟ್ಟಿಯ ಮೇಲೆ ಹಾಕುತ್ತಿದ್ದರು. ಹೆಂಡತಿ ತರಕಾರಿ ಹೆಚ್ಚುವಾಗ ಅಡುಗೆಮನೆಯ ನೆಲಕ್ಕೇ ಹಾಕುತ್ತಿದ್ದರು. ಬಲಗಾಲಿನ ಚಪ್ಪಲಿ ಯಾವಾಗಲೂ ಎಡಗಾಲಿನದಕ್ಕಿಂತ ಮೊದಲು ಸವೆದು ತೂತಾಗುತ್ತಿತ್ತು. ಚಪ್ಪಲಿ ಅಂಗಡಿಯವರು ಬರೀ ಬಲಗಾಲಿನದು ಕೊಡುವುದಿಲ್ಲ ಎಂದು ಅವರಿಗೆ ಕೊನೆಯವರೆಗೂ ಬೇಜಾರಿತ್ತು.

ಇಂಥವರ ಕೈಗೆ ಗೋ-ಕಾರ್ಟ್ ಸಿಕ್ಕಿದ್ದು ಹೀಗೆ. ಕಾರು ಕಲಿಸಲು ಮೈದಾನ ಬೇಕೆಂದು ಸ್ಕೂಲಿನ ಯಜಮಾನರು ಊರ ಹೊರಗಿನ ಹಳೆಯ ಆಟದ ಪಾರ್ಕೊಂದರ ಜಾಗವನ್ನು ಬಾಡಿಗೆಗೆ ಹಿಡಿದರು. ಪಾರ್ಕು ಮುಚ್ಚಿ ಬಹಳ ಕಾಲವಾಗಿತ್ತು. ಮೂಲೆಯ ಶೆಡ್ಡಿನಲ್ಲಿ ಕತ್ತು ಮುರಿದ ಮರದ ಕುದುರೆಗಳ ಕೆಳಗೆ ಆಟಕ್ಕೆ ಓಡಿಸುವ ಒಂದು ಪುಟ್ಟ ಗೋ-ಕಾರ್ಟ್ ಗಾಡಿ ಬಿದ್ದಿತ್ತು. ಅದರಲ್ಲಿ ಒಂದು ಕಬ್ಬಿಣದ ಚೌಕಟ್ಟು, ನಾಲ್ಕು ಗಿಡ್ಡ ಚಕ್ರ, ಒಂದು ಸ್ಟೀರಿಂಗು, ಒಂದು ಸೀಟು ಉಳಿದಿದ್ದವು. ಇಂಜಿನ್ನನ್ನು ಯಾರೋ ಎಂದೋ ಬಿಚ್ಚಿಕೊಂಡು ಹೋಗಿದ್ದರು. ಸೀಟಿನ ತೂತಿನೊಳಗಿಂದ ಒಂದು ಟೊಮ್ಯಾಟೊ ಗಿಡ ಎದ್ದು, ಡ್ರೈವರ್ ಕೂರುವ ಜಾಗದಲ್ಲಿ ತಾನೇ ಕೂತಿತ್ತು.

"ಗುಜರಿಗೆ ಹಾಕಿಬಿಡಿ ಮೇಷ್ಟ್ರೇ," ಎಂದರು ಯಜಮಾನರು.

ಮೇಷ್ಟ್ರು ಬಗ್ಗಿ ಗಾಡಿಯ ಮೂತಿಯೊಳಗೆ ಇಣುಕಿದರು. ಎರಡು ಪೆಡಲು ಕಂಡವು. ಎಡಗಡೆಯದು ಬ್ರೇಕು. ಬಲಗಡೆಯದರ ಮೇಲೆ ತುಕ್ಕು ಹಿಡಿದಿದ್ದರೂ ಅದು ಏನೆಂದು ಗೊತ್ತಾಗುವಂತಿತ್ತು. ಅದು ಆಕ್ಸಿಲರೇಟರ್. ಸೀಟು ಒಂದೇ. ಪಕ್ಕದಲ್ಲಿ ಯಾರೂ ಕೂರುವಂತಿಲ್ಲ, ಯಾರೂ ಬ್ರೇಕ್ ಒತ್ತಿ ನಿಲ್ಲಿಸುವಂತಿಲ್ಲ.

"ನಾನೇ ತೊಗೊಂಡು ಹೋಗ್ಲಾ?" ಎಂದರು. ಧ್ವನಿ ಹುಡುಗರ ಧ್ವನಿಯ ಹಾಗೆ ಒಡೆದು ಬಂತು.

ಗಾಡಿ ಮನೆಯ ಹಿಂದಿನ ಅಂಗಳಕ್ಕೆ ಬಂತು. ಟೊಮ್ಯಾಟೊ ಗಿಡವನ್ನು ಹೆಂಡತಿ ಹುಷಾರಾಗಿ ಬಿಡಿಸಿ ಕುಂಡಕ್ಕೆ ಹಾಕಿದಳು. ಮುಂದಿನ ಪ್ರಶ್ನೆ ಸರಳವಾಗಿತ್ತು. ಚಕ್ರ ತಿರುಗಿಸುವುದು ಹೇಗೆ? ಪ್ರಶ್ನೆ ಎಷ್ಟು ಸರಳವೋ ಉತ್ತರಗಳು ಅಷ್ಟೇ ಜಗಳ ತರುವಂಥವು ಎಂಬುದು ಆ ಭಾನುವಾರವೇ ಗೊತ್ತಾಯಿತು.

ಅಂದು ಊಟಕ್ಕೆ ಬಂದಿದ್ದವರು ಭಾವ. ಅಂದರೆ ಹೆಂಡತಿಯ ಅಣ್ಣ. ಅವರದು ಸೈಕಲ್ ಶಾಪು. ಮಾತು ಎಲ್ಲಿಂದ ಶುರುವಾದರೂ ಅವರು ಅದನ್ನು ಚೈನಿಗೆ ತಂದು ಸಿಕ್ಕಿಸುವವರು.

"ಇದರಲ್ಲಿ ಯೋಚನೆ ಮಾಡೋದೇನಿದೆ ಮೇಷ್ಟ್ರೇ? ಇಂಜಿನ್ನಿಗೊಂದು ಹಲ್ಲುಚಕ್ರ, ಗಾಲಿಗೊಂದು ಹಲ್ಲುಚಕ್ರ, ಮಧ್ಯೆ ಚೈನು. ಮುಗೀತು. ಚೈನು ಜಾರಲ್ಲ, ಹಿಗ್ಗಲ್ಲ, ಸುಳ್ಳು ಹೇಳಲ್ಲ."

"ಚೈನಂತೆ ಚೈನು," ಎಂದಳು ಹೆಂಡತಿ ಒಳಗಿನಿಂದ. ಅವಳು ಮನೆಯ ಮುಂದಿನ ಕೋಣೆಯಲ್ಲಿ ಪರದೆ, ಸೋಫಾ ಕವರು ಹೊಲಿಯುವವಳು. ಅವಳ ಹೊಲಿಗೆ ಮಿಷನ್ನು ಕಾಲಲ್ಲಿ ತುಳಿಯುವಂಥದ್ದು, ಚರ್ಮದ ಬೆಲ್ಟಿನದು. "ಚೈನಿಗೆ ಎಣ್ಣೆ, ಎಣ್ಣೆಗೆ ಧೂಳು, ಧೂಳಿಗೆ ಇವರ ಪ್ಯಾಂಟು, ಪ್ಯಾಂಟಿಗೆ ನಾನು. ಬೇಡವೇ ಬೇಡ. ಬೆಲ್ಟ್ ಹಾಕಿ. ಮೆತ್ತಗೆ ಓಡುತ್ತೆ, ಸದ್ದಿಲ್ಲ, ಗದ್ದಲವಿಲ್ಲ."

"ಬೆಲ್ಟ್ ಜಾರುತ್ತೆ ಕಣೇ!"

"ಜಾರಲಿ ಬಿಡೋ ಅಣ್ಣ, ಸ್ವಲ್ಪ ಜಾರಿದ್ರೆ ಏನಾಯ್ತು? ನಿನ್ನ ಹಾಗೆ ಎಲ್ಲದಕ್ಕೂ ಹಲ್ಲು ಕಚ್ಚಿಕೊಂಡು ಕೂರಬೇಕಾ?"

ಮೂರನೆಯ ಮತ ಮೈದಾನದಲ್ಲಿ ಬಿತ್ತು. ಮೇಷ್ಟ್ರ ಬಳಿ ಕಲಿಯುತ್ತಿದ್ದವರಲ್ಲಿ ಒಬ್ಬರು ಹಲ್ಲಿನ ಡಾಕ್ಟರಮ್ಮ. ಎಂಥ ಗಟ್ಟಿ ದವಡೆಹಲ್ಲನ್ನೂ ಕೈ ನಡುಗದೆ ಕೀಳುವವರು, ಕ್ಲಚ್ ಮೇಲೆ ಕಾಲಿಟ್ಟ ತಕ್ಷಣ ಮೈಯೆಲ್ಲ ನಡುಗುತ್ತಿದ್ದರು. ಲೈಸೆನ್ಸ್ ಪರೀಕ್ಷೆಗೆ ಹೋಗುವುದು, ಫೇಲಾಗುವುದು, ಸಿಹಿ ಹಂಚದೆ ವಾಪಸ್ ಬರುವುದು ಅವರಿಗೆ ಅಭ್ಯಾಸವಾಗಿಹೋಗಿತ್ತು. ಗಾಡಿಯ ಸುದ್ದಿ ಕೇಳಿ ಅವರು ಕಾರನ್ನು ಮೈದಾನದ ನಟ್ಟನಡುವೆಯೇ ನಿಲ್ಲಿಸಿಬಿಟ್ಟರು.

"ಸರ್, ನನ್ನ ಹಳೇ ಸ್ಕೂಟರು ಕ್ಲಿನಿಕ್ ಹಿಂದೆ ಬಿದ್ದಿದೆ. ಅದರ ಇಂಜಿನ್ ಹಾಕ್ಕೊಳ್ಳಿ. ಕ್ಲಚ್ಚೇ ಇಲ್ಲ ಸರ್ ಅದಕ್ಕೆ! ಗೇರೂ ಇಲ್ಲ! ತಿರುವಿದ್ರೆ ಹೋಗುತ್ತೆ, ಬಿಟ್ರೆ ನಿಲ್ಲುತ್ತೆ."

ಮೇಷ್ಟ್ರ ಮುಖ ಕೆಂಪಾಯಿತು. ಯಾರೋ ತಮ್ಮ ಮನೆದೇವರನ್ನೇ ಬೈದಂತಾಯಿತು ಅವರಿಗೆ.

"ಕ್ಲಚ್ ಇಲ್ಲದ್ದು ಗಾಡಿ ಅಲ್ಲ ಮೇಡಂ, ಅದು ಆಟದ ಸಾಮಾನು. ನಡೀರಿ, ಫಸ್ಟ್ ಗೇರ್. ಹಾಫ್ ಕ್ಲಚ್... ಹಾಫ್ ಕ್ಲಚ್..."

ಕಾರು ಬಿಕ್ಕಳಿಸಿತು.

ಮೇಷ್ಟ್ರು ಆ ವಾರವೆಲ್ಲ ತಲೆ ಕೆರೆದುಕೊಂಡರೇ ಹೊರತು ಯಾವ ತೀರ್ಮಾನಕ್ಕೂ ಬರಲಿಲ್ಲ. ನಿಲ್ಲಿಸುವ ವಿಷಯದಲ್ಲಿ ಅವರು ಮಿಂಚು, ಹೊರಡುವ ವಿಷಯದಲ್ಲಿ ಮಾತ್ರ ಕೈಯೇ ಓಡುತ್ತಿರಲಿಲ್ಲ. ಭಾವ ಕಾದು ಕಾದು ಸಾಕಾಗಿ, ಮೇಷ್ಟ್ರು ಕೆಲಸಕ್ಕೆ ಹೋಗಿದ್ದಾಗ ಬಂದು, ನೀರೆತ್ತುವ ಪಂಪಿನ ಇಂಜಿನ್ನೊಂದನ್ನು ಸೀಟಿನ ಹಿಂದೆ ಬಿಗಿದು, ಎಡಗಡೆಯ ಹಿಂದಿನ ಚಕ್ರಕ್ಕೆ ಸೈಕಲ್ ಚೈನು ಹಾಕಿಯೇಬಿಟ್ಟರು. ಬಲಗಡೆಯ ಚಕ್ರವನ್ನು ಹಾಗೇ ಬಿಟ್ಟರು. "ಸೈಕಲ್ಲಿಗೆ ಎಷ್ಟು ಚಕ್ರಕ್ಕೆ ಚೈನಿರುತ್ತೆ? ಒಂದಕ್ಕೆ. ಇದಕ್ಕೂ ಒಂದು ಸಾಕು," ಎನ್ನುವುದು ಅವರ ವಾದ.

ಸಂಜೆ ಮೈದಾನದಲ್ಲಿ ಭಾವನೇ ಗಾಡಿ ಏರಿದರು. ಹಗ್ಗ ಎಳೆದರು, ಇಂಜಿನ್ನು ಚಾಲೂ ಆಯಿತು. ಗಾಡಿ ಮುಂದೆ ನುಗ್ಗಿ, ಬಲಕ್ಕೆ ತಿರುಗಿ, ಇನ್ನೂ ಬಲಕ್ಕೆ ತಿರುಗಿ, ಹೊರಟ ಜಾಗಕ್ಕೇ ಬಂತು. ಅಲ್ಲಿ ನಿಲ್ಲಲಿಲ್ಲ. ಎಡ ಚಕ್ರ ಒಂದೇ ತಳ್ಳುತ್ತಿದ್ದರೆ ಗಾಡಿ ಬಲಕ್ಕೆ ಎಳೆಯದೆ ಇನ್ನೇನು ಮಾಡೀತು? ಭಾವ ಸ್ಟೀರಿಂಗನ್ನು ಎಡಕ್ಕೆ ಜಗ್ಗಿದರು. ತುಕ್ಕು ಹಿಡಿದ ಸ್ಟೀರಿಂಗು ಅವರ ಮಾತು ಕೇಳಲಿಲ್ಲ. ವೇಗ ತಗ್ಗಿಸೋಣ ಎಂದರೆ ಆಕ್ಸಿಲರೇಟರಿನ ತಂತಿ ಸಿಕ್ಕಿಹಾಕಿಕೊಂಡಿತ್ತು. ಬ್ರೇಕು ಹಿಡಿಯೋಣ ಎಂದರೆ, ಪೆಡಲಿಗೆ ಬ್ರೇಕು ಜೋಡಿಸುವುದನ್ನೇ ಅವರು ಮರೆತಿದ್ದರು.

ಹೀಗೆ ಭಾವ ಸುತ್ತತೊಡಗಿದರು. ಮೇಷ್ಟ್ರು ಪಕ್ಕದಲ್ಲಿ ನಿಂತು ಬಲಗಾಲಿಂದ ನೆಲವನ್ನು ಒತ್ತಿ ಒತ್ತಿ ಹಳ್ಳ ತೋಡತೊಡಗಿದರು. ಭಾವ ಹೇಳಬೇಕೆಂದಿದ್ದನ್ನೆಲ್ಲ ಹತ್ತಿರ ಬಂದಾಗ ಬಂದಷ್ಟು ಹೇಳುತ್ತಿದ್ದರು.

"ಮೇಷ್ಟ್ರೇ, ನೋಡಿದ್ರಾ, ಚೈನು—" ಎಂದು ಹೋದರು.

"—ಜಾರಲೇ ಇಲ್ಲ!" ಎಂದು ಬಂದರು.

"ನಿಲ್ಲಿಸಿ ಭಾವ!"

"ಹೇಗೆ—" ಹೋದರು.

"—ಅಂತ ಹೇಳಿ!" ಬಂದರು.

"ಪೆಟ್ರೋಲ್ ಎಷ್ಟು ಹಾಕಿದ್ದೀರಿ?"

"ಫುಲ್—"

ಆ ಸುತ್ತಿನಲ್ಲಿ ಅವರು ಮಾತು ಪೂರ್ತಿ ಮಾಡಲಿಲ್ಲ. ಕಣ್ಣು ಮುಚ್ಚಿಕೊಂಡು ಹೋದರು, ಮುಚ್ಚಿಕೊಂಡೇ ಬಂದರು. ತಂಗಿ ಮನೆಯಿಂದ ಚಹಾ ತಂದವಳು ಅಣ್ಣ ನಿಲ್ಲುವುದನ್ನು ಕಾದಳು, ಆಮೇಲೆ ತಾನೇ ಕುಡಿದಳು. ಪೆಟ್ರೋಲು ಮುಗಿದು ಗಾಡಿ ನಿಂತಾಗ ಭಾವ ಇಳಿದು, ಗಾಡಿ ನಿಂತದ್ದು ಗೊತ್ತಾಗದೆ, ಕಾಲ್ನಡಿಗೆಯಲ್ಲೇ ಇನ್ನೂ ಒಂದು ಸುತ್ತು ಹಾಕಿ ಮರಳಿನ ಗುಡ್ಡೆಯ ಮೇಲೆ ಕೂತರು.

"ಎರಡೂ ಚಕ್ರಕ್ಕೆ ಒಂದೇ ಅಚ್ಚು ಹಾಕಬೇಕು," ಎಂದರು ಕೂತಲ್ಲಿಂದಲೇ. "ಚೈನಿನ ತಪ್ಪೇನಿಲ್ಲ."

ಅಚ್ಚು ಹಾಕಿದ್ದಾಯಿತು. ಬ್ರೇಕಿನದೊಂದು ತಟ್ಟೆಯನ್ನು ಅದರ ಮೇಲೆ ಮೇಷ್ಟ್ರು ತಾವೇ ನಿಂತು ಹಾಕಿಸಿದರು. ಆ ವಿಷಯದಲ್ಲಿ ಅವರು ಯಾರನ್ನೂ ನಂಬಲಿಲ್ಲ. ಸ್ಟೀರಿಂಗಿಗೂ ಎಣ್ಣೆ ಕುಡಿಸಿದರು. ಪಂಪಿನ ಇಂಜಿನ್ನು ಪಂಪಿಗೇ ವಾಪಸ್ಸು ಹೋಯಿತು. ಆಗ ಮೇಷ್ಟ್ರು ಮೊದಲ ಸಲ ಗಟ್ಟಿಯಾಗಿ ಒಂದು ತೀರ್ಮಾನ ಹೇಳಿದರು.

"ಬೈಕಿನ ಇಂಜಿನ್ ಹಾಕೋಣ. ನಾಲ್ಕು ಗೇರು ಇರಬೇಕು, ಕ್ಲಚ್ ಇರಬೇಕು. ನಾನು ಜೀವಮಾನವೆಲ್ಲ ಕಲಿಸಿದ್ದು ಅದನ್ನೇ. ನನ್ನ ಗಾಡಿಯಲ್ಲಿ ಅದೇ ಇಲ್ಲ ಅಂದ್ರೆ ನಾಳೆ ಯಾರ ಮುಂದೆ ಮುಖ ತೋರಿಸಲಿ?"

ಹಾಲು ಹಾಕುವವನ ಹಳೆಯ ಬೈಕೊಂದರ ಇಂಜಿನ್ನನ್ನು ಭಾವ ಹೊತ್ತು ತಂದರು. ಸೀಟಿನ ಹಿಂದೆ ಕೂರಿಸಿ ನೋಡಿದರೆ ಕಿಕ್ ಹೊಡೆಯುವ ಕಡ್ಡಿ ಚೌಕಟ್ಟಿಗೆ ಬಡಿಯುತ್ತಿತ್ತು. "ಇಷ್ಟೇ ತಾನೇ?" ಎಂದ ಭಾವ ಇಂಜಿನ್ನನ್ನು ಹಿಂದುಮುಂದಾಗಿ ತಿರುಗಿಸಿ ಕೂರಿಸಿದರು. ಕಡ್ಡಿಗೆ ಜಾಗ ಸಿಕ್ಕಿತು, ಚೈನಿಗೂ ಜಾಗ ಸಿಕ್ಕಿತು. ಎಡಗಾಲಿಗೆ ಕ್ಲಚ್ ಪೆಡಲು ಮಾಡಿಸಿ ತಂತಿ ಎಳೆದರು. ಗಾಡಿಯ ಹಿಂಭಾಗವನ್ನು ಇಟ್ಟಿಗೆಯ ಮೇಲೆ ಎತ್ತಿ ಇಂಜಿನ್ ಚಾಲೂ ಮಾಡಿದಾಗ ಚಕ್ರಗಳು ಗಿರ್ರನೆ ತಿರುಗಿದವು. ಎಲ್ಲರೂ ಚಪ್ಪಾಳೆ ತಟ್ಟಿದರು. ಯಾವ ಕಡೆಗೆ ತಿರುಗುತ್ತಿವೆ ಎಂದು ಯಾರೂ ನೋಡಲಿಲ್ಲ.

ಮೈದಾನದಲ್ಲಿ ಅಂದು ಮೇಷ್ಟ್ರ ವಿದ್ಯಾರ್ಥಿಗಳೆಲ್ಲ ಸೇರಿದ್ದರು. ಮೇಷ್ಟ್ರು ಹೆಲ್ಮೆಟ್ ಕಟ್ಟಿ, ಗಂಭೀರವಾಗಿ ಸೀಟಿನಲ್ಲಿ ಇಳಿದು ಕೂತು, ಪಾಠ ಒಪ್ಪಿಸುವವರಂತೆ ಗಟ್ಟಿಯಾಗಿ ಹೇಳಿಕೊಂಡರು. "ಫಸ್ಟ್ ಗೇರ್. ಹಾಫ್ ಕ್ಲಚ್. ಮುಂದೆ ನೋಡಬೇಕು." ಅವರು ಮುಂದೆ ನೋಡಿದರು. ಗಾಡಿ ಬೆಣ್ಣೆಯ ಮೇಲೆ ಚಾಕು ಸರಿದಂತೆ ನವಿರಾಗಿ ಹೊರಟಿತು. ಹಿಂದಕ್ಕೆ.

ಯಾರಾದರೂ ಬೇರೆಯವರಾಗಿದ್ದರೆ ಕೂಗಿಕೊಳ್ಳುತ್ತಿದ್ದರು. ಮೇಷ್ಟ್ರು ಜೀವನದಲ್ಲಿ ಹೇಳಿಕೊಟ್ಟ ರಿವರ್ಸ್ ಪಾಠಗಳಿಗೆ ಲೆಕ್ಕವಿರಲಿಲ್ಲ. ಅವರ ಕತ್ತು ತಾನಾಗಿಯೇ ಹಿಂದಕ್ಕೆ ಹೊರಳಿತು, ತೋಳು ತಾನಾಗಿಯೇ ಸೀಟಿನ ಬೆನ್ನಿನ ಮೇಲೆ ಹೋಯಿತು. ಎರಡನೇ ಗೇರು ಹಾಕಿದರು, ಹಿಂದಕ್ಕೆ ಇನ್ನೂ ಜೋರಾಯಿತು. ಪರೀಕ್ಷೆಗೆಂದು ನೆಟ್ಟಿದ್ದ ಕೋಲುಗಳ ನಡುವೆ ಎಂಟರ ಆಕಾರದಲ್ಲಿ ಒಂದನ್ನೂ ಮುಟ್ಟದೆ ಹಾದು, ಶೆಡ್ಡಿನ ಬಾಗಿಲೊಳಗೆ ಹೋಗಿ, ಅಲ್ಲಿದ್ದ ಎರಡು ಮರದ ಕುದುರೆಗಳ ಮಧ್ಯೆ ಅಳೆದಿಟ್ಟಂತೆ ನಿಂತರು. ವಿದ್ಯಾರ್ಥಿಗಳು ಸಿಳ್ಳೆ ಹೊಡೆದರು.

"ಅದ್ಭುತ ಸರ್! ಇನ್ನು ಮುಂದಕ್ಕೆ ಬನ್ನಿ!" ಎಂದು ಡಾಕ್ಟರಮ್ಮ ಕೂಗಿದರು.

ಮೇಷ್ಟ್ರು ಮೂರನೇ ಗೇರು ಹಾಕಿದರು. ಗಾಡಿ ಹಿಂದಿನ ತಗಡಿಗೆ ಢಣ್ ಎಂದು ಗುದ್ದಿತು. ಭಾವ ಓಡಿ ಬಂದು ಬಗ್ಗಿ ನೋಡಿ ಹಣೆ ಹಣೆ ಚಚ್ಚಿಕೊಂಡರು. ಹಿಂದುಮುಂದಾದ ಇಂಜಿನ್ನು ಅಚ್ಚನ್ನೂ ಹಿಂದುಮುಂದಾಗಿಯೇ ತಿರುಗಿಸುತ್ತಿತ್ತು. ಗಾಡಿಗೆ ನಾಲ್ಕು ಗೇರಿದ್ದವು. ನಾಲ್ಕೂ ರಿವರ್ಸು.

"ಸೀಟು ತಿರುಗಿಸಿಬಿಟ್ರೆ?" ಎಂದರು ಭಾವ ಸೋಲೊಪ್ಪದೆ.

ಅದನ್ನೂ ಮಾಡಿ ನೋಡಿದರು. ಸೀಟು, ಸ್ಟೀರಿಂಗು, ಪೆಡಲು ಎಲ್ಲವೂ ತಿರುಗಿದವು. ಆದರೆ ದಿಕ್ಕು ತಿರುಗಿಸುವ ಚಕ್ರಗಳು ಈಗ ಬೆನ್ನ ಹಿಂದೆ ಹೋಗಿದ್ದವು. ಎಡಕ್ಕೆ ಹೊರಳಿಸಿದರೆ ಗಾಡಿ ಬಲಕ್ಕೆ ಮೂತಿ ತಿರುಗಿಸುತ್ತಿತ್ತು, ಮುನಿಸಿಕೊಂಡ ಅಳಿಯನ ಹಾಗೆ. ಮೇಷ್ಟ್ರು ಬೇಲಿ ತಪ್ಪಿಸಲು ಹೋಗಿ ಬೇಲಿಯನ್ನೇ ಹೊದ್ದುಕೊಂಡು ಬಂದರು.

ಅವತ್ತು ಮನೆಗೆ ಹೋಗುವ ದಾರಿಯಲ್ಲಿ ಹೆಂಡತಿ ಮೇಷ್ಟ್ರ ಅಂಗಿಯಿಂದ ಮುಳ್ಳು ತೆಗೆಯುತ್ತಾ, "ಆ ಸ್ಕೂಟರನ್ನ ಒಂದ್ಸಲ ನೋಡೋದರಲ್ಲಿ ತಪ್ಪೇನಿದೆ ರೀ?" ಎಂದಳು.

ನೋಡಲು ಹೋದರು. ಕ್ಲಿನಿಕ್ಕಿನ ಹಿಂದೆ, ಮುರಿದ ಕುರ್ಚಿಗಳ ಪಕ್ಕದಲ್ಲಿ ಸ್ಕೂಟರು ಗೋಡೆಗೊರಗಿ ನಿಂತಿತ್ತು. ಭಾವ ಇಂಜಿನ್ನಿನ ಪಕ್ಕದ ಮುಚ್ಚಳದ ಬೋಲ್ಟುಗಳನ್ನು ಬಿಚ್ಚಿದರು. ಡಾಕ್ಟರಮ್ಮ ರೋಗಿಗಳ ಬಾಯಿ ನೋಡುವ ದೀಪವನ್ನು ಹಣೆಗೆ ಕಟ್ಟಿಕೊಂಡು, ಪುಟ್ಟ ಕನ್ನಡಿಯ ಕಡ್ಡಿಯನ್ನು ಒಳಗೆ ತೂರಿಸಿ, "ಹಿಂದುಗಡೆ ಸ್ವಲ್ಪ ಕೊಳೆ ಕಟ್ಟಿದೆ, ಉಳಿದದ್ದೆಲ್ಲ ಗಟ್ಟಿಯಾಗಿದೆ," ಎಂದು ವರದಿ ಕೊಟ್ಟರು.

ಮುಚ್ಚಳ ಬಂತು. ಹೆಂಡತಿ ಮುಂದೆ ಬಗ್ಗಿದವಳು ಒಂದೇ ಸಲ ಕಿರುಚಿದಳು.

"ಬೆಲ್ಟು!"

ನಿಜವಾಗಿಯೂ ಬೆಲ್ಟೇ. ಎರಡು ರಾಟೆಗಳ ನಡುವೆ ಅಗಲವಾದ ಕಪ್ಪು ರಬ್ಬರಿನ ಬೆಲ್ಟು. ಇಂಜಿನ್ನು ಜೋರಾದಂತೆ ಒಂದು ರಾಟೆ ದಪ್ಪವಾಗಿ ಇನ್ನೊಂದು ಸಣ್ಣದಾಗುತ್ತದೆ, ಹಾಗಾಗಿ ಗೇರು ಬೇಕಿಲ್ಲ ಎಂದು ಭಾವ ಮುಖ ಸಣ್ಣದು ಮಾಡಿಕೊಂಡು ವಿವರಿಸಿದರು.

"ಇಷ್ಟು ದಿನ ಎಲ್ಲಾ ಸ್ಕೂಟರಲ್ಲೂ ಬೆಲ್ಟ್ ಇತ್ತು, ನೀನು ಬಾಯಿ ಬಿಟ್ಟಿಲ್ಲ ನೋಡು!" ಎಂದು ತಂಗಿ ಅಣ್ಣನ ಬೆನ್ನಿಗೆ ಗುದ್ದಿದಳು.

"ಇರು, ಇರು. ಇಲ್ಲಿಂದ ಹೊರಗೆ ಅಚ್ಚಿನವರೆಗೆ ಯಾವುದು ಒಯ್ಯುತ್ತೆ? ಚೈನೇ ಬೇಕು. ನಾನು ಹಾಕ್ತೀನಿ," ಎಂದರು ಭಾವ. ಅವರ ಮುಖಕ್ಕೆ ಮತ್ತೆ ಕಳೆ ಬಂತು.

ಮೇಷ್ಟ್ರು ಇಬ್ಬರ ಮಾತನ್ನೂ ಕೇಳುತ್ತಿರಲಿಲ್ಲ. ಅವರು ಹಿಂದಿನ ರಾಟೆಯ ಮೇಲಿದ್ದ ಲೋಹದ ಬಟ್ಟಲೊಂದನ್ನು ಬೆರಳಿಂದ ತೋರಿಸಿದರು.

"ಇದೇನು ಭಾವ?"

"ಕ್ಲಚ್ಚು."

"ಕ್ಲಚ್ ಇಲ್ಲ ಅಂದ್ರಲ್ಲ?"

"ಇದೆ ಮೇಷ್ಟ್ರೇ. ನಿಮ್ಮ ಕಾಲನ್ನ ಕೇಳೋದಿಲ್ಲ, ಅಷ್ಟೇ. ಜೋರಾಗಿ ತಿರುಗಿದ್ರೆ ಒಳಗಿರೋ ಈ ತುಂಡುಗಳು, ಬೂಟು ಅಂತೀವಿ, ಹೊರಗೆ ಚಾಚಿ ಬಟ್ಟಲನ್ನ ಹಿಡ್ಕೊಳ್ತವೆ. ನಿಧಾನ ಆದ್ರೆ ಬಿಡ್ತವೆ."

"ಯಾರೂ ಒತ್ತದೆ?"

"ಯಾರೂ ಒತ್ತದೆ."

ಮೇಷ್ಟ್ರು ಇನ್ನೂ ಹತ್ತಿರ ಬಗ್ಗಿದರು. "ಹಾಫ್ ಕ್ಲಚ್ಚು?"

"ಅದನ್ನೂ ಮಾಡುತ್ತೆ. ಹೊರಡುವಾಗ ಮೊದಲು ಜಾರಿ ಜಾರಿ, ಆಮೇಲೆ ಗಟ್ಟಿ ಹಿಡಿಯುತ್ತೆ."

ಮೇಷ್ಟ್ರು ಮೊಣಕಾಲೂರಿ ಕೂತುಬಿಟ್ಟರು. ಆ ಪುಟ್ಟ ಬೂಟನ್ನು ಬೆರಳ ತುದಿಯಲ್ಲಿ ಮುಟ್ಟಿದರು. ಯಾರೂ ಬಯ್ಯದೆ, ಯಾರೂ ಹೇಳಿಕೊಡದೆ, ಕತ್ತಲೆಯ ಡಬ್ಬಿಯೊಳಗೆ ಕೂತು ಇದು ಪ್ರತಿ ಸಲವೂ ಸರಿಯಾಗಿ ಹಾಫ್ ಕ್ಲಚ್ ಮಾಡುತ್ತಿತ್ತು! ಇಂಥ ವಿದ್ಯಾರ್ಥಿ ಅವರಿಗೆ ಇಡೀ ಜೀವನದಲ್ಲಿ ಸಿಕ್ಕಿರಲಿಲ್ಲ. ಅವರ ಕಣ್ಣು ಒದ್ದೆಯಾದದ್ದು ಕಂಡು ಡಾಕ್ಟರಮ್ಮ ಹಣೆಯ ದೀಪವನ್ನು ಆರಿಸಿದರು.

"ಇದನ್ನೇ ಹಾಕೋಣ," ಎಂದರು ಮೇಷ್ಟ್ರು.

ಬೈಕಿನ ಇಂಜಿನ್ನನ್ನೂ ಕ್ಲಚ್ ಪೆಡಲನ್ನೂ ತೆಗೆದು, ಸೀಟು, ಸ್ಟೀರಿಂಗು, ಉಳಿದ ಪೆಡಲುಗಳನ್ನು ಮೊದಲಿದ್ದಂತೆ ಕೂರಿಸಿದರು. ಸ್ಕೂಟರಿನ ಇಂಜಿನ್ನನ್ನು ಈ ಸಲ ಎಲ್ಲರೂ ಸೇರಿ ಬಗ್ಗಿ ನೋಡಿ, ಚಕ್ರ ಯಾವ ಕಡೆ ತಿರುಗುತ್ತದೆಂದು ಸುಣ್ಣದಲ್ಲಿ ಗುರುತು ಮಾಡಿ, ಹೆಂಡತಿಯಿಂದ ಇನ್ನೊಂದು ಸಲ ನೋಡಿಸಿ, ಆಮೇಲೆ ಬಿಗಿದರು. ಹೆಂಡತಿ ಯಾರೋ ಬೇಡವೆಂದು ಬಿಟ್ಟುಹೋದ ಹೂವಿನ ಪರದೆ ಬಟ್ಟೆಯಲ್ಲಿ ಸೀಟಿಗೆ ಕವರು ಹೊಲಿದಳು. ಗಾಡಿ ದೂರದಿಂದ ನೋಡಿದರೆ ಓಡುವ ಸೋಫಾದಂತೆ ಕಾಣುತ್ತಿತ್ತು.

ಮೇಷ್ಟ್ರು ಕೂತರು. ಇಂಜಿನ್ನು ಗುರುಗುಟ್ಟಿತು. ಬಲಗಾಲಿನ ಕೆಳಗೆ ಆಕ್ಸಿಲರೇಟರ್ ಇತ್ತು. ಒತ್ತಿದರಾಯಿತು. ಆದರೆ ಕಾಲು ಒತ್ತಲಿಲ್ಲ. ಬೈಕಿನ ಇಂಜಿನ್ನಿದ್ದಾಗ ಎಡಗಾಲು ಕ್ಲಚ್ ಬಿಟ್ಟು ದಾರಿ ತೋರಿಸಿತ್ತು, ಈಗ ಬಲಗಾಲು ಒಂಟಿ. ಒತ್ತಿದರೆ ಗಾಡಿ ನಿಲ್ಲುತ್ತದೆ ಎಂದೇ ಆ ಕಾಲು ಇಷ್ಟು ವರ್ಷ ನಂಬಿತ್ತು. ಒತ್ತಿದರೆ ಹೋಗುತ್ತದೆ ಎಂದು ಈಗ ಯಾರು ಹೇಳಿದರೂ ಅದು ಕೇಳುವಂತಿರಲಿಲ್ಲ.

ಡಾಕ್ಟರಮ್ಮ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. ಕಾರಿನಲ್ಲಿ ನಡುಗುವ ಡಾಕ್ಟರಮ್ಮ ಇವರಲ್ಲ, ಕ್ಲಿನಿಕ್ಕಿನ ಡಾಕ್ಟರಮ್ಮ.

"ಸರ್, ನನ್ನ ಮುಖ ನೋಡಿ. ಏನೂ ನೋವಾಗಲ್ಲ. ಮೂಗಲ್ಲಿ ಉಸಿರು ತೊಗೊಳ್ಳಿ. ಬಾಯಿ ತೆಗೀರಿ."

"ಬಾಯಿ ಯಾಕೆ ಮೇಡಂ?"

"ಅಭ್ಯಾಸ ಬಲ ಸರ್, ತೆಗೀರಿ ಪರವಾಗಿಲ್ಲ. ಆ ಅನ್ನಿ. ಹಾಂ, ಈಗ ನಿಧಾನಕ್ಕೆ ಕಾಲು ಒತ್ತಿ. ಇನ್ನೂ ಸ್ವಲ್ಪ. ಜಾಣರು!"

"ಆ—" ಎನ್ನುತ್ತಲೇ ಮೇಷ್ಟ್ರು ಹೊರಟರು. ಗಾಡಿ ಮುಂದಕ್ಕೆ ಹೋಯಿತು. ನಿಜವಾಗಿಯೂ ಮುಂದಕ್ಕೇ ಹೋಯಿತು. "ಆ—" ಎಂಬುದು ಸಂತೋಷದ "ಆಹಾ!" ಆಗುವಷ್ಟರಲ್ಲಿ, ವೇಗ ಹೆಚ್ಚಿತಲ್ಲ ಇನ್ನು ಗೇರು ಬದಲಿಸಬೇಕೆಂದು ಅವರ ಎಡಗಾಲು ತಾನಾಗಿಯೇ ಕ್ಲಚ್ ಒತ್ತಿತು. ಅಲ್ಲಿ ಕ್ಲಚ್ ಎಲ್ಲಿತ್ತು? ಇದ್ದದ್ದು ಬ್ರೇಕು. ಗಾಡಿ ಗಕ್ಕನೆ ನಿಂತಿತು, ಮೇಷ್ಟ್ರ ಹೆಲ್ಮೆಟ್ ಸ್ಟೀರಿಂಗಿಗೆ ಮುತ್ತು ಕೊಟ್ಟಿತು.

ಮತ್ತೆ ಹೊರಟರು, ಮತ್ತೆ ಗಕ್ಕನೆ ನಿಂತರು. ಹೊರಟರು, ನಿಂತರು. ಹೀಗೆ ಮುಗ್ಗರಿಸುತ್ತಾ ಮೈದಾನದ ಉದ್ದಕ್ಕೂ ಸಾಗುವಾಗ ವಿದ್ಯಾರ್ಥಿಗಳೆಲ್ಲ ಬೇಲಿಯ ಪಕ್ಕ ಸಾಲಾಗಿ ನಿಂತು ಒಂದೇ ರಾಗದಲ್ಲಿ ಹಾಡಿದರು. "ಹಾಫ್ ಕ್ಲಚ್... ಹಾಫ್ ಕ್ಲಚ್... ಬಿಡಬೇಡಿ, ಬಿಡಬೇಡಿ... ಬಿಟ್ರಲ್ಲ!" ಅಷ್ಟು ಖುಷಿ ಅವರಿಗೆ ಲೈಸೆನ್ಸ್ ಬಂದ ದಿನವೂ ಆಗಿರಲಿಕ್ಕಿಲ್ಲ.

ಇದಕ್ಕೆ ಮದ್ದು ಕಂಡುಹಿಡಿದವಳು ಹೆಂಡತಿ. "ಆ ಕಾಲಿಗೆ ಒತ್ತೋದಕ್ಕೆ ಏನಾದ್ರೂ ಬೇಕು ತಾನೇ? ಒಂದು ಕೊಟ್ಟುಬಿಡಿ. ಒತ್ತಿಕೊಳ್ಳಲಿ ಪಾಪ." ಬ್ರೇಕನ್ನು ಕಾರಿನಲ್ಲಿರುವಂತೆ ಬಲಗಾಲಿನ ಕಡೆಗೆ ಸರಿಸಿದರು. ಎಡಗಡೆಯಲ್ಲಿ ಭಾವ ಒಂದು ಸೈಕಲ್ ಪೆಡಲಿಗೆ ಸ್ಪ್ರಿಂಗು ಕೂರಿಸಿ ಬಿಗಿದರು. ಆ ಪೆಡಲಿಗೂ ಗಾಡಿಯ ಉಳಿದ ಭಾಗಕ್ಕೂ ಯಾವ ಸಂಬಂಧವೂ ಇರಲಿಲ್ಲ. ಒತ್ತಿದರೆ ಕೆಳಗೆ ಹೋಗುತ್ತಿತ್ತು, ಬಿಟ್ಟರೆ ಮೇಲೆ ಬರುತ್ತಿತ್ತು.

ಆಮೇಲೆ ಮೇಷ್ಟ್ರು ಓಡಿಸಿದ್ದನ್ನು ನೋಡಬೇಕಿತ್ತು! ಎಡಗಾಲಿಂದ ಸುಳ್ಳು ಕ್ಲಚ್ಚು ಒತ್ತಿ, ಕೈಯಿಂದ ಇಲ್ಲದ ಗೇರು ಬದಲಿಸಿ, ಬಾಯಿಂದ "ರ್‍ರ್ಂ" ಎಂದು ಸದ್ದು ಮಾಡಿ, ಹೂವಿನ ಸೋಫಾದ ಮೇಲೆ ಮೈದಾನವನ್ನು ಸುತ್ತಿದ್ದೇ ಸುತ್ತಿದ್ದು. ಎದುರು ಗಾಳಿಗೆ ಅಂಗಿ ಉಬ್ಬಿ ಅವರು ಎರಡು ಪಟ್ಟು ದಪ್ಪ ಕಾಣುತ್ತಿದ್ದರು. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಅವಳು ಆ ಮನುಷ್ಯ ಇಷ್ಟು ಜೋರಾಗಿ ಹೋಗುವುದನ್ನು ಮದುವೆಯಾದ ಮೇಲೆ ಕಂಡಿರಲಿಲ್ಲ. ಮದುವೆಗೆ ಮೊದಲೂ ಕಂಡಿರಲಿಲ್ಲ.

ದಿನಾ ಪಾಠ ಮುಗಿದ ಮೇಲೆ ಗಾಡಿ ಹೊರಗೆ ಬರತೊಡಗಿತು. ಭಾವ ಚೈನಿಗೆ ಎಣ್ಣೆ ಬಿಡುವ ನೆಪದಲ್ಲಿ ಬಂದು ಎರಡು ಸುತ್ತು ಹಾಕುತ್ತಿದ್ದರು. ಡಾಕ್ಟರಮ್ಮ ಪರೀಕ್ಷೆಗೆ ಧೈರ್ಯ ಬರಲೆಂದು ಎಷ್ಟೋ ಸಂಜೆ ಅದರಲ್ಲೇ ಅಭ್ಯಾಸ ಮಾಡಿದರು. ನಡುಕ ಪೂರ್ತಿ ಹೋಯಿತು. "ಈ ಸಲ ಖಂಡಿತ ಸರ್," ಎಂದರು.

ಪರೀಕ್ಷೆ ಮಾಡಲು ಬರುತ್ತಿದ್ದ ಇನ್ಸ್‌ಪೆಕ್ಟರು ನಗುವುದನ್ನು ಕಂಡವರಿರಲಿಲ್ಲ. ಪರೀಕ್ಷೆಯ ದಿನ ಅವರು ಮೈದಾನಕ್ಕೆ ಬೇಗ ಬಂದರು, ಶೆಡ್ಡಿನ ಮುಂದೆ ಗಾಡಿ ನೋಡಿ ನಿಂತರು.

"ಏನಿದು?"

"ಗೋ-ಕಾರ್ಟ್ ಸರ್," ಎಂದರು ಮೇಷ್ಟ್ರು. ಅವರಿಗೆ ಅಂಗೈಯಲ್ಲಿ ಜೀವ.

"ಈ ಪೆಡಲು?"

"ಕ್ಲಚ್ಚು ಸರ್."

"ಯಾವುದಕ್ಕೆ ಕನೆಕ್ಷನ್ ಇದೆ?"

"ಯಾವುದಕ್ಕೂ ಇಲ್ಲ ಸರ್."

ಇನ್ಸ್‌ಪೆಕ್ಟರು ಬಹಳ ಹೊತ್ತು ಆ ಪೆಡಲನ್ನೇ ನೋಡಿದರು. ಸುತ್ತ ಒಂದು ಸಲ ಕಣ್ಣಾಡಿಸಿದರು. ಆಮೇಲೆ ಟೋಪಿ ತೆಗೆದು ಮೇಷ್ಟ್ರ ಕೈಗೆ ಕೊಟ್ಟು, "ತಪಾಸಣೆ ಮಾಡಬೇಕಾಗುತ್ತೆ," ಎಂದು ಸೀಟಿನಲ್ಲಿ ಇಳಿದು ಕೂತರು. ತಪಾಸಣೆ ಎಷ್ಟು ಸುತ್ತು ನಡೆಯಿತೋ ಯಾರೂ ಎಣಿಸಲಿಲ್ಲ. ಪ್ರತಿ ತಿರುವಿನಲ್ಲಿಯೂ ಅವರು ಬಹಳ ನಿಷ್ಠೆಯಿಂದ ಸುಳ್ಳು ಕ್ಲಚ್ಚನ್ನು ಒತ್ತುತ್ತಿದ್ದರು. ಶೆಡ್ಡಿನ ಆ ಕಡೆಗೆ, ಯಾರಿಗೂ ಕಾಣದ ತಿರುವಿನಿಂದ, "ರ್‍ರ್ಂ" ಎಂಬ ಸದ್ದು ಕೂಡ ಕೇಳಿಬಂತು. ಪರೀಕ್ಷೆಗೆ ಬಂದವರೆಲ್ಲ ಬಿಸಿಲಿನಲ್ಲಿ ಸಾಲಾಗಿ ನಿಂತು ಕಾದರು.

ಕೊನೆಗೆ ಇಳಿದರು. ಅಂಗಿ ಸರಿಮಾಡಿಕೊಂಡರು, ಮುಖವನ್ನು ಮತ್ತೆ ಗಂಟು ಹಾಕಿದರು, "ಮೊದಲನೆಯವರು ಬನ್ನಿ," ಎಂದರು.

ಡಾಕ್ಟರಮ್ಮ ಮುಗುಳ್ನಗುತ್ತಾ ಹೋಗಿ ಕಾರಿನಲ್ಲಿ ಕೂತರು. ಕೈ ನಡುಗಲಿಲ್ಲ, ಕಾಲು ನಡುಗಲಿಲ್ಲ. ಗೇರು ಹಾಕಿ, ಗೋ-ಕಾರ್ಟಿನಲ್ಲಿ ಅಭ್ಯಾಸವಾದಂತೆ ಎಡಗಾಲನ್ನು ಫಟ್ಟನೆ ಎತ್ತಿ, ಬಲಗಾಲನ್ನು ಒತ್ತಿದರು. ಕಾರು ಕಪ್ಪೆಯಂತೆ ಒಮ್ಮೆ ಎಗರಿ, ಬಿಕ್ಕಳಿಸಿ, ತಣ್ಣಗಾಯಿತು.

ಇನ್ಸ್‌ಪೆಕ್ಟರು ಫೇಲೆಂದು ಬರೆದರು. ಡಾಕ್ಟರಮ್ಮನಿಗೆ ಯಾಕೋ ಅಳು ಬರಲಿಲ್ಲ, ನಗು ಬಂತು. ಮೇಷ್ಟ್ರು ಟೋಪಿಯನ್ನು ವಾಪಸ್ ಕೊಡಲು ಹೋದಾಗ ಇನ್ಸ್‌ಪೆಕ್ಟರು ಅದನ್ನು ತಲೆಗಿಟ್ಟುಕೊಂಡು, ಶೆಡ್ಡಿನ ಕಡೆಗೆ ಒಂದು ನೋಟ ಹಾಯಿಸಿ, ತಗ್ಗಿದ ದನಿಯಲ್ಲಿ ಕೇಳಿದರು.

"ಇವರು ಮತ್ತೆ ಪರೀಕ್ಷೆಗೆ ಬರೋದು ಯಾವಾಗ?"

"ಬರೋ ತಿಂಗಳು ಸರ್."

"ಅಷ್ಟು ದೂರ ಯಾಕೆ ಹಾಕ್ತೀರಿ? ಬರೋ ವಾರವೇ ಇಟ್ಕೊಳ್ಳಿ," ಎಂದರು ಇನ್ಸ್‌ಪೆಕ್ಟರು.